1973ರ ಕಾರ್ವೆಟ್: ಹಿಂದಿನ ಚಕ್ರದಲ್ಲಿ ಆಟ (ಸಡಿಲ), ಕುಸಿಯೋ ಬ್ರೇಕ್ ಪೆಡಲ್, ಅರ್ಧಕ್ಕೆ ನಿಲ್ಲೋ ಹೆಡ್‌ಲೈಟ್. ಎಲ್ಲಿಂದ ಬಿಚ್ಚೋದು?

ಸ್ಟಿಂಗ್‌ರೇ_73 (ಮಿಷಿಗನ್)

ಗಾಡಿ 1973ರ ಶೆವ್ರೊಲೆ ಕಾರ್ವೆಟ್ ಕೂಪೆ. 350 ಕ್ಯೂಬಿಕ್ ಇಂಚಿನ ಎಲ್-48 ಎಂಜಿನ್, ನಾಲ್ಕು ಗೇರಿನ ಮ್ಯಾನುಯಲ್. ಮುಂದೆ ಯುರೆಥೇನ್ ಮೂತಿ, ಹಿಂದೆ ಕ್ರೋಮ್ ಬಂಪರ್. ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲೇ ಇರುತ್ತೆ.

ದೂರುಗಳು ಇವು. ಎರಡು ವಾರ ನಿಲ್ಲಿಸಿದರೆ ಬ್ರೇಕ್ ಪೆಡಲ್ ಮೆತ್ತಗಾಗುತ್ತೆ, ಎರಡು-ಮೂರು ಸಲ ಒತ್ತಿದ ಮೇಲೆ ಮೇಲೆ ಬರುತ್ತೆ. ಕೆಳಗೆ ಎಣ್ಣೆ ಸೋರಿದ ಗುರುತಿಲ್ಲ. ಹಿಂದಿನ ಎಡ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಟಕ್ ಅನ್ನುತ್ತೆ. ಎಡಗಡೆ ಹೆಡ್‌ಲೈಟ್ ಬಾಗಿಲು ಅರ್ಧಕ್ಕೆ ನಿಲ್ಲುತ್ತೆ. ಬೇಸಿಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಶಾಖದ ಮೀಟರ್ 220 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತೆ. ಮುಂದಿನ ಫೆಂಡರ್ ಕಮಾನಿನ ಮೇಲೆ ಒಂದು ಗೇಣು ಬಿರುಕು. ಮೊದಲು ಬಿರುಕು ಮುಚ್ಚಿಸಿ ಬಣ್ಣ ಹೊಡೆಸಿ, ಆಮೇಲೆ ಯಂತ್ರದ ಕೆಲಸ ಅಂದುಕೊಂಡಿದ್ದೆ. ಈ ಅನುಕ್ರಮ ಸರಿಯಾ?

ಹಳೇ_ಕಬ್ಬಿಣ (ಒಹಾಯೊ)

ಪೂರ್ತಿ ಉಲ್ಟಾ ಸಾರ್. ಬಣ್ಣದ ಮಾತು ಮುಂದಿನ ವರ್ಷಕ್ಕೆ ಇಟ್ಕೊಳ್ಳಿ.

ಮೈ ಫೈಬರ್‌ಗ್ಲಾಸು, ತುಕ್ಕು ಹಿಡಿಯಲ್ಲ ಅನ್ನೋ ಧೈರ್ಯದಲ್ಲೇ ಜನ ಈ ಗಾಡಿಯಲ್ಲಿ ದುಡ್ಡು ಕಳ್ಕೊಳ್ಳೋದು. ಹೊರಗಿನ ಚರ್ಮ ಮಾತ್ರ ಫೈಬರ್. ವಿಂಡ್‌ಶೀಲ್ಡ್ ಸುತ್ತ, ಬಾಗಿಲ ಕಂಬಗಳಲ್ಲಿ ಒಂದು ಉಕ್ಕಿನ ಹಂದರ ಅಡಗಿ ಕೂತಿದೆ. ಅದಕ್ಕೆ ಬರ್ಡ್‌ಕೇಜ್ ಅಂತಾರೆ. ಬಾಗಿಲ ಕೀಲು, ಗಾಜು, ಛಾವಣಿ ಎಲ್ಲ ಅದರ ಮೇಲೇ ನಿಂತಿರೋದು. ಅದರ ಕೆಳಗೆ ಉಕ್ಕಿನ ಚಾಸಿಸ್. ಎರಡಕ್ಕೂ ತುಕ್ಕು ಚೆನ್ನಾಗೇ ಹಿಡಿಯುತ್ತೆ, ಅದೂ ಹೊರಗಿನಿಂದ ಕಾಣದ ಹಾಗೆ. ಮಿಷಿಗನ್‌ನಲ್ಲಿ ರಸ್ತೆಗೆ ಉಪ್ಪು ಸುರಿಯೋದು ಗೊತ್ತಲ್ಲ.

ನೋಡಬೇಕಾದ ಜಾಗ ಹೇಳ್ತೀನಿ. ಕಾಲಿಡೋ ಜಾಗದಲ್ಲಿ ಎರಡೂ ಬದಿಯ ಕಿಕ್ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿ. ಕಂಬದ ಬುಡ, ಬಾಡಿ ಮೌಂಟ್ ಬೋಲ್ಟ್ ಕೂರೋ ಜಾಗ ಕಾಣುತ್ತೆ. ಒಣಗಿದ ಕೆಂಪು ಪುಡಿ ಸ್ವಲ್ಪ ಇದ್ದರೆ ಪರವಾಗಿಲ್ಲ. ಪದರ ಪದರವಾಗಿ ಎದ್ದು ಸ್ಕ್ರೂಡ್ರೈವರ್ ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿ, ಬೇರೆ ಸಾಮಾನಿಗೆ ದುಡ್ಡು ಹಾಕೋ ಮುಂಚೆ ಯೋಚನೆ ಮಾಡಿ. ಯಾಕಂದ್ರೆ ಅದನ್ನು ಸರಿ ಮಾಡೋಕೆ ಫೈಬರ್ ಪ್ಯಾನೆಲ್‌ಗಳನ್ನೇ ಬಿಡಿಸಬೇಕು. ಆಮೇಲೆ ವಿಂಡ್‌ಶೀಲ್ಡ್ ಸುತ್ತಲಿನ ಸ್ಟೀಲ್ ಪಟ್ಟಿ ಬಿಡಿಸಿ ಮೇಲಿನ ಎರಡು ಮೂಲೆ ನೋಡಿ. ಗಾಜಿನ ಅಂಟು ಒಣಗಿ ಬಿರಿದು ನೀರು ಇಳಿಯೋದು ಅಲ್ಲಿಂದಲೇ.

ಚಾಸಿಸ್‌ನಲ್ಲಿ ಹಿಂದಿನ ಚಕ್ರದ ಮುಂದೆ ಮೇಲಕ್ಕೆ ಬಾಗೋ ಭಾಗ ಕೆಟ್ಟ ಜಾಗ. ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಠಣ್ ಅಂದ್ರೆ ಉಕ್ಕು, ದಬ್ ಅಂದ್ರೆ ಒಳಗೆ ಮಣ್ಣು-ತುಕ್ಕು ತುಂಬಿದೆ ಅಂತ. ಆ ಡಬ್ಬಿಯಂಥ ಜಾಗದಲ್ಲಿ ಕೂತ ಕಸವನ್ನು ಗಾಳಿ ಹೊಡೆದು ಹೊರಗೆ ತೆಗೀಬೇಕು. ಒಳಗೇ ಬಿಟ್ಟು ಮೇಲೆ ಕರಿ ಬಣ್ಣ ಬಳಿಯೋದು ಮಾರೋರ ಕೆಲಸ.

ಧಾರವಾಡ್_ಡಿಸ್ಕ್ (ಟೆಕ್ಸಸ್)

ಬ್ರೇಕಿನ ಮಾತು ನಾ ಹೇಳ್ತೀನ್ರಿ.

ಸೋರಿದ ಗುರುತಿಲ್ಲ, ನಿಂತ ಮ್ಯಾಲ ಪೆಡಲ್ ಮೆತ್ತಗ ಆಗತೈತಿ ಅಂದ್ರ ಕ್ಯಾಲಿಪರ್‌ದಾಗ (ಡಿಸ್ಕನ್ನ ಹಿಡಿಯೂ ಬ್ರೇಕ್ ಇಕ್ಕಳ) ಗಾಳಿ ಹೊಕ್ಕೈತಿ. ಎಣ್ಣಿ ಹೊರಗ ಬರದ ಗಾಳಿ ಒಳಗ ಹೆಂಗ ಹೋಗತೈತಿ ಅಂತ ಎಲ್ಲಾರೂ ಕೇಳ್ತಾರ. 1965ರಿಂದ 1982ರ ತನಕದ ಕಾರ್ವೆಟ್‌ಗೆ ನಾಕೂ ಚಕ್ರಕ್ಕ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಪಿಸ್ಟನ್ ಹಿಂದ ಸ್ಪ್ರಿಂಗ್ ಅದಾವು, ಪ್ಯಾಡ್ ಯಾವಾಗ್ಲೂ ಡಿಸ್ಕಿಗೆ ಹಗುರಾಗಿ ತಾಗಿಕೊಂಡ ಇರತೈತಿ. ಡಿಸ್ಕ್ ಓರೆಯಾಗಿ ತಿರುಗಿದ್ರ ಪಿಸ್ಟನ್ ಹಿಂದ-ಮುಂದ ಪಂಪ್ ಆಗತೈತಿ. ಅದರ ಲಿಪ್ ಸೀಲ್ ಒಂದ ದಿಕ್ಕಿಗೆ ಮಾತ್ರ ಬಿಗಿ: ಎಣ್ಣಿ ಹೊರಗ ಬಿಡೂದಿಲ್ಲ, ಗಾಳಿ ಒಳಗ ಎಳಕೋತೈತಿ.

ಹಂಗಾಗಿ ಕ್ಯಾಲಿಪರ್ ಬದಲಿ ಮಾಡೂ ಮುಂಚೆ ಡಯಲ್ ಗೇಜ್ ಹಚ್ಚಿ ಡಿಸ್ಕಿನ ರನ್‌ಔಟ್, ಅಂದ್ರ ತಿರುಗುವಾಗ ಎಷ್ಟು ಓಲಾಡತೈತಿ ಅನ್ನೂದನ್ನ, ಅಳೀರಿ. ಕಂಪನಿ ಹೇಳೂ ಮಿತಿ 5 ಥೌ, ಅಂದ್ರ 0.005 ಇಂಚು. ನೀವು 2-3 ಥೌ ಒಳಗ ತರ್ರಿ. ಡಿಸ್ಕ್ ಬದಲಿ ಮಾಡದ ಕ್ಯಾಲಿಪರ್ ಅಷ್ಟ ಹೊಸಾದು ಹಾಕಿದ್ರ ಆರು ತಿಂಗಳಿಗೆ ಮತ್ತ ಅದ ಕಥಿ.

ಕ್ಯಾಲಿಪರ್ ತಗೊಳ್ಳೂವಾಗ ಸ್ಟೇನ್‌ಲೆಸ್ ತೋಳು ಹಾಕಿದ್ದನ್ನ ತಗೋರಿ. ಮೂಲ ಬೋರ್ ಬೀಡುಕಬ್ಬಿಣ, ಎಣ್ಣಿ ನೀರ ಎಳಕೊಂಡ ಮ್ಯಾಲ ಗುಳಿ ಬೀಳತೈತಿ, ಸೀಲ್ ಕತ್ತರಿಸತೈತಿ. ಎಡ-ಬಲ ಅದಲು-ಬದಲು ಮಾಡಬ್ಯಾಡ್ರಿ: ಗಾಳಿ ಬಿಡೂ ನಿಪ್ಪಲ್ ಮ್ಯಾಲ ಇರಬೇಕು. ಕೆಳಗ ಬಂದ್ರ ದಿನಪೂರ್ತಿ ಪೆಡಲ್ ಒತ್ತಿದ್ರೂ ಗಾಳಿ ಹೋಗೂದಿಲ್ಲ. ಮುಂದಿನ ಕ್ಯಾಲಿಪರ್‌ಗೆ ಒಂದೊಂದು ನಿಪ್ಪಲ್, ಹಿಂದಿನದಕ್ಕ ಎರಡೆರಡು, ಒಟ್ಟು ಆರು. ಹಿಂದ ಒಳಗಿಂದು ಮೊದಲು, ಆಮ್ಯಾಲ ಹೊರಗಿಂದು. ಹೊರಗಿನ ನಿಪ್ಪಲ್‌ಗೆ ಚಕ್ರ ತಗೀಬೇಕು, ಅದಕ್ಕ ಭಾಳ ಮಂದಿ ಅದನ್ನ ಬಿಟ್ಟಬಿಡ್ತಾರ.

ಸ್ಟಿಂಗ್‌ರೇ_73

ಗೇಜ್ ಹಾಕಿ ನೋಡಿದೆ. ಮುಂದೆ ಎರಡೂ 3 ಥೌ. ಹಿಂದೆ ಬಲ 4, ಎಡ 14! ಡಿಸ್ಕ್ ಮೇಲೆ ರಿವೆಟ್ ಇಲ್ಲ, ಕೊರೆದು ತೆಗೆದ ತೂತು ಕಾಣುತ್ತೆ. ಡಿಸ್ಕ್ ಹೊಸದಾಗಿ ಕಾಣುತ್ತೆ. ಹೊಸ ಡಿಸ್ಕೇ ಡೊಂಕಾಗಿದೆಯಾ?

ಧಾರವಾಡ್_ಡಿಸ್ಕ್

ಡಿಸ್ಕ್ ನೆಟ್ಟಗ ಇರಬಹುದ್ರಿ. ಕಾರ್ಖಾನ್ಯಾಗ ಡಿಸ್ಕನ್ನ ಸ್ಪಿಂಡಲ್ ಫ್ಲ್ಯಾಂಜಿಗೆ ರಿವೆಟ್ ಹೊಡದು ಎರಡನ್ನೂ ಜೋಡಿಯಾಗಿ ಲೇತಿನ್ಯಾಗ ಹೊಡೀತಿದ್ರು. ರಿವೆಟ್ ತಗದು ಬ್ಯಾರೆ ಡಿಸ್ಕ್ ಕೂಡ್ರಿಸಿದ್ರ ಆ ಜೋಡಿ ಹೊಂದಿಕಿ ಹೋತು. ಫ್ಲ್ಯಾಂಜ್ ಮ್ಯಾಲೆ ಒಂದು ಚಕ್ಕಿ ತುಕ್ಕು ಇದ್ರೂ ಡಿಸ್ಕಿನ ಅಂಚಿಗೆ ಅದು ಹಿಗ್ಗಿ ಕಾಣತೈತಿ. ಫ್ಲ್ಯಾಂಜ್ ತಂತಿ ಬ್ರಶ್‌ಲೆ ಉಜ್ಜಿ, ಐದೂ ನಟ್ಟು ಮುಖ ತಿರುಗಿಸಿ ಬಿಗಿದು, ಡಿಸ್ಕನ್ನ ಒಂದೊಂದ ಬೋಲ್ಟ್ ಮುಂದ ತಿರುಗಿಸಿ ಐದೂ ಜಾಗದಾಗ ಅಳದು ನೋಡ್ರಿ. ಎಲ್ಲಿ ಕಡಿಮಿ ಬಂತೋ ಅಲ್ಲಿ ಗುರುತು ಹಾಕ್ರಿ. ಉಳಿದದ್ದನ್ನ ಓರೆ ಶಿಮ್ (ಸಂದಿಗೆ ಹಾಕೂ ತೆಳ್ಳನ ಲೋಹದ ಬಿಲ್ಲಿ) ಹಾಕಿ ತಗೀಬಹುದು.

ಆದ್ರ ಎಡ ಚಕ್ರದಾಗ ಆಟ ಐತಿ ಅಂದ್ರಲ್ಲ, ಬೇರಿಂಗ್ ಸಡ್ಲ ಇದ್ದಾಗ ಈ ಅಳತಿಗೆ ಅರ್ಥ ಇಲ್ಲ. ಮೊದ್ಲ ಅದನ್ನ ನೋಡ್ರಿ.

ತುಮಕೂರು_ಟಾರ್ಕ್ (ಇಲಿನಾಯ್)

ಬೇರಿಂಗಿಗೇ ಬರೋಣ. ಈ ಗಾಡಿಯ ಅತಿ ಕಷ್ಟದ ಮನೆಗೆಲಸ ಇದೇ.

ಮೇಲೆ-ಕೆಳಗೆ ಅಲ್ಲಾಡಿಸಿದಾಗ ಬರೋ ಟಕ್ ಎಲ್ಲಿಂದ ಅಂತ ಮೊದಲು ಬೇರ್ಪಡಿಸಿ. ಕಾರ್ವೆಟ್ ಹಿಂಭಾಗದಲ್ಲಿ ಹಾಫ್ ಶಾಫ್ಟೇ (ಡಿಫರೆನ್ಶಿಯಲ್‌ನಿಂದ ಚಕ್ರಕ್ಕೆ ಹೋಗೋ ಶಾಫ್ಟು) ಸಸ್ಪೆನ್ಶನ್‌ನ ಮೇಲಿನ ತೋಳು. ಹಾಗಾಗಿ ಯು-ಜಾಯಿಂಟ್ ಸವೆದರೂ ಚಕ್ರ ಅಲ್ಲಾಡುತ್ತೆ, ಡಿಫರೆನ್ಶಿಯಲ್ ಒಳಗಿನ ಸೈಡ್ ಯೋಕ್ ತುದಿ ಸವೆದರೂ ಅಲ್ಲಾಡುತ್ತೆ. ಯೋಕ್ ತುದಿ ಸವೆದಷ್ಟೂ ಶಾಫ್ಟ್ ಒಳಗೆ ಸರಿಯುತ್ತೆ, ಟೈರಿನ ತಲೆ ಒಳಕ್ಕೆ ವಾಲುತ್ತೆ. ಹಿಂದಿನಿಂದ ನೋಡಿದರೆ ಟೈರು ವಾಲಿರೋದು ಕಾಣುತ್ತಾ? ಸ್ಟ್ರಟ್ ರಾಡಿನ (ಕೆಳಗಿನ ತೋಳು) ಕ್ಯಾಮ್ ಬೋಲ್ಟ್ ತಿರುಗಿಸಿದರೂ ನೆಟ್ಟಗಾಗದಿದ್ದರೆ ಯೋಕ್ ಹೋಗಿದೆ ಅಂತಲೇ. ಡಿಫರೆನ್ಶಿಯಲ್ ಪಕ್ಕದಲ್ಲಿ ಶಾಫ್ಟನ್ನು ಕೈಯಲ್ಲಿ ಹಿಡಿದು ಒಳ-ಹೊರ ಎಳೆದು ನೋಡಿ. ಕಣ್ಣಿಗೆ ಕಾಣುವಷ್ಟು ಸರಿದರೆ ಕವರ್ ಬಿಚ್ಚಲೇಬೇಕು.

ಬೇರಿಂಗ್ ಮಾತ್ರ ಅಳೆಯಬೇಕಾದರೆ ಕ್ಯಾಲಿಪರ್, ಡಿಸ್ಕ್ ತೆಗೆದು, ಗೇಜನ್ನು ಟ್ರೇಲಿಂಗ್ ಆರ್ಮ್‌ಗೆ (ಚಕ್ರ ಹೊತ್ತು ಮುಂತುದಿಯಲ್ಲಿ ಚಾಸಿಸ್‌ಗೆ ಸೇರೋ ತೋಳು) ಕಚ್ಚಿಸಿ, ಫ್ಲ್ಯಾಂಜ್ ಮುಖದ ಮೇಲೆ ಮುಳ್ಳಿಟ್ಟು ಒಳ-ಹೊರ ದೂಡಿ. ಕಂಪನಿ ಲೆಕ್ಕ 1ರಿಂದ 8 ಥೌ. 8 ದಾಟಿದ್ದರೆ ಬಿಚ್ಚಿ.

ಒಳಗೆ ಎರಡು ಟೇಪರ್ ರೋಲರ್ ಬೇರಿಂಗ್, ನಡುವೆ ಒಂದು ಸ್ಪೇಸರ್, ಒಂದು ಶಿಮ್. ಆಟ ಎಷ್ಟಿರಬೇಕು ಅನ್ನೋದನ್ನು ಆ ಶಿಮ್ಮಿನ ದಪ್ಪ ಹೇಳುತ್ತೆ. ಗ್ರೀಸ್ ತುಂಬೋ ನಿಪ್ಪಲ್ ಇಲ್ಲ. 50 ವರ್ಷದ ಗ್ರೀಸ್ ಮೇಣವಾಗಿ ಒಣಗಿದ್ದರೆ ಆಶ್ಚರ್ಯ ಬೇಡ. ಸ್ಪಿಂಡಲ್ ಬೇರಿಂಗಿಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ನಟ್ಟು ತೆಗೆದು ತುದಿಗೆ ಸುತ್ತಿಗೆಯಲ್ಲಿ ಹೊಡೆದರೆ ತಿರುಪು ಅಣಬೆಯಂತೆ ಅರಳುತ್ತೆ, ಸ್ಪಿಂಡಲ್ ಕಸಕ್ಕೆ. ಅದಕ್ಕಂತಲೇ ಪುಲ್ಲರ್ ಸಿಗುತ್ತೆ, ಬಾಡಿಗೆಗೆ ತನ್ನಿ ಅಥವಾ ಆರ್ಮ್ ಪೂರ್ತಿ ಬಿಚ್ಚಿ ಪ್ರೆಸ್ ಇರೋ ಕಡೆ ಒಯ್ಯಿರಿ.

ಜೋಡಿಸುವಾಗ ಒಂದು ಸಲಕರಣೆ ನಿಜಕ್ಕೂ ಬೇಕು: ಅಳತೆಗಂತಲೇ ಇರೋ ಡಮ್ಮಿ ಸ್ಪಿಂಡಲ್. ಬೇರಿಂಗ್ ಅದರ ಮೇಲೆ ಕೈಯಲ್ಲೇ ಜಾರುತ್ತೆ. ಹೊಸ ಬೇರಿಂಗ್, ಸ್ಪೇಸರ್, ದಪ್ಪ ಗೊತ್ತಿರೋ ಒಂದು ಶಿಮ್ ಹಾಕಿ, ನಟ್ಟನ್ನು 100 ಫುಟ್-ಪೌಂಡಿಗೆ ಬಿಗಿದು, ಗೇಜಿನಲ್ಲಿ ಆಟ ಓದಿ. ಆಟ 6 ಥೌ ಬಂತು, ನಿಮಗೆ 2 ಬೇಕು ಅಂದ್ರೆ ಶಿಮ್ಮನ್ನು 4 ಥೌ ತೆಳ್ಳಗೆ ಮಾಡಿ. ಶಿಮ್ ತೆಳುವಾದಷ್ಟೂ ಆಟ ಕಮ್ಮಿ. ಸೊನ್ನೆಗೆ ತರಬೇಡಿ, ಬಿಸಿಯಾದಾಗ ಬೇರಿಂಗ್ ಹಿಡ್ಕೊಂಡು ನೀಲಿಯಾಗುತ್ತೆ. 1-2 ಥೌ ಸಾಕು. ಡಮ್ಮಿ ಮೇಲೆ ಸರಿಬಂದ ಮೇಲೆ ಗ್ರೀಸ್ ತುಂಬಿ ನಿಜವಾದ ಸ್ಪಿಂಡಲ್ ಒತ್ತಿ, ಮತ್ತೆ ಅಳೀರಿ. ಕಾಟರ್ ಪಿನ್ ತೂತು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸದೆ ಮುಂದಿನ ತೂತಿಗೆ ಬಿಗೀರಿ.

ಸ್ಟಿಂಗ್‌ರೇ_73

ಬಲಗಡೆ ಆಟ ಇಲ್ಲ. ಅದನ್ನು ಹಾಗೇ ಬಿಡಬಹುದಾ? ಎಡಗಡೆ ಆರ್ಮ್‌ನ ಮುಂದಿನ ಬೋಲ್ಟ್ ಅಲುಗಾಡ್ತಿಲ್ಲ. ಮೂರು ದಿನ ತುಕ್ಕೆಣ್ಣೆ ಹಾಕಿದೆ, ಕಾಯಿಸಿಯೂ ನೋಡಿದೆ.

ತುಮಕೂರು_ಟಾರ್ಕ್

ಕಾಯಿಸೋದು ನಿಲ್ಲಿಸಿ ಮಾರಾಯ್ರೇ! ಮೇಲೇ ಫೈಬರ್ ನೆಲ ಇದೆ, ಪಕ್ಕದಲ್ಲೇ ಬ್ರೇಕ್ ಪೈಪು.

ಆ ಬೋಲ್ಟ್ ಬುಶ್‌ನ ಉಕ್ಕಿನ ಕೊಳವೆಗೆ ತುಕ್ಕಿನಲ್ಲಿ ಬೆಸೆದುಕೊಂಡಿರುತ್ತೆ. ಬಹುತೇಕ ಗಾಡಿಗಳಲ್ಲಿ ಅದನ್ನು ಕತ್ತರಿಸಿಯೇ ತೆಗೆಯೋದು. ಮೊದಲು ಎರಡೂ ಬದಿಯ ಶಿಮ್ ಎಳೆದು ತೆಗೀರಿ, ಆಗ ಗರಗಸದ ಬ್ಲೇಡಿಗೆ ಸಂದು ಸಿಗುತ್ತೆ. ಹಿಂದೆ-ಮುಂದೆ ಓಡೋ ವಿದ್ಯುತ್ ಗರಗಸಕ್ಕೆ ಲೋಹ ಕತ್ತರಿಸೋ ದಪ್ಪ ಬೈ-ಮೆಟಲ್ ಬ್ಲೇಡ್ ಹಾಕಿ, ಬುಶ್‌ಗೂ ಚಾಸಿಸ್‌ಗೂ ನಡುವೆ ಎರಡು ಕಡೆ ಕತ್ತರಿಸಿ. ನಿಧಾನ ವೇಗ, ಆಗಾಗ ಎಣ್ಣೆ. ಎರಡು-ಮೂರು ಬ್ಲೇಡ್ ಹೋಗುತ್ತೆ. ತೆಗೆದ ಶಿಮ್ಮುಗಳನ್ನು "ಎಡ-ಒಳ", "ಎಡ-ಹೊರ" ಅಂತ ಬೇರೆ ಬೇರೆ ತಂತಿಗೆ ಪೋಣಿಸಿಡಿ.

ಆರ್ಮ್ ಬಿಚ್ಚೋ ಮುಂಚೆ ಅಡ್ಡ ಲೀಫ್ ಸ್ಪ್ರಿಂಗಿನ ಒತ್ತಡ ಇಳಿಸಬೇಕು. ಜ್ಯಾಕನ್ನು ಸ್ಪ್ರಿಂಗಿನ ತುದಿ ಕೆಳಗೆ ಕೊಡುವಾಗ ಪಕ್ಕದಲ್ಲೇ ಒಂದು ಸಿ-ಕ್ಲಾಂಪ್ ಕಚ್ಚಿಸಿ, ಜ್ಯಾಕ್ ಜಾರದ ಹಾಗೆ. ಆ ಸ್ಪ್ರಿಂಗ್ ಚಿಮ್ಮಿದರೆ ಕೈ ಮುರಿಯುತ್ತೆ. ಗಾಡಿ ಚಾಸಿಸ್ ಕೆಳಗಿನ ಸ್ಟ್ಯಾಂಡ್ ಮೇಲೇ ನಿಂತಿರಬೇಕು.

ಬಲಗಡೆಯನ್ನೂ ಅಳೆಯಿರಿ. ಕೈಗೆ ಸಿಗದ ಆಟ ಗೇಜಿಗೆ ಸಿಗುತ್ತೆ. ಮಿತಿಯೊಳಗೆ ಇದ್ದರೂ ಆ ಗ್ರೀಸನ್ನು ನಾನಂತೂ ನಂಬಲ್ಲ.

ಹಳೇ_ಕಬ್ಬಿಣ

ಪಾರ್ಕಿಂಗ್ ಬ್ರೇಕ್ ಶೂ ಹಿಂದಿನ ಡಿಸ್ಕ್ ಒಳಗಿನ ಪುಟ್ಟ ಡ್ರಮ್‌ನಲ್ಲಿದೆ. ಸ್ಪಿಂಡಲ್ ಜೋಡಿಸಿದ ಮೇಲೆ ಅದನ್ನು ಹಾಕೋದು ಫ್ಲ್ಯಾಂಜಿನ ತೂತಿನಿಂದ ಚಿಮಟ ತೂರಿಸಿ ಮಾಡೋ ಸರ್ಕಸ್. ಆರ್ಮ್ ಮೇಜಿನ ಮೇಲಿರುವಾಗಲೇ, ಸ್ಪಿಂಡಲ್ ಒತ್ತೋ ಮುಂಚೆ, ಸ್ಟೇನ್‌ಲೆಸ್ ಸಾಮಾನು ಹಾಕಿ ಮುಗಿಸಿ. ಹಳೇ ಶೂ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೀಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೆಂಗೇರಿ_ಕ್ಯಾಂಶಾಫ್ಟ್ (ನ್ಯೂ ಜೆರ್ಸಿ)

ಬ್ರೇಕ್ ಎಣ್ಣೆ ಡಾಟ್ 5 ಸಿಲಿಕೋನ್ ಹಾಕಿ. ನೀರು ಎಳ್ಕೊಳ್ಳಲ್ಲ, ಬಣ್ಣ ತಿನ್ನಲ್ಲ. ವರ್ಷಕ್ಕೆ ಆರು ತಿಂಗಳು ನಿಲ್ಲೋ ಗಾಡಿಗೆ ಅದೇ ಸರಿ.

ಧಾರವಾಡ್_ಡಿಸ್ಕ್

ಒಪ್ಪೂದಿಲ್ರಿ. ಸಿಲಿಕೋನ್‌ದಾಗ ಸಣ್ಣ ಗುಳ್ಳಿ ಸಿಕ್ಕೊಂಡ ಕೂಡತಾವು, ಗಾಳಿ ತಗಿಯೂದು ಕಷ್ಟ. ಗಾಳಿಯದ ದೂರು ಇರೂ ಗಾಡಿಗೆ ಅದನ್ನ ಹಾಕಿದ್ರ ಮುಂದ ರೋಗ ಎಲ್ಲೈತಿ ಅಂತ ತಿಳಿಯೂದಿಲ್ಲ. ಡಾಟ್ 3 ಇಲ್ಲಾ 4 ಹಾಕಿ ಎರಡು ವರ್ಷಕ್ಕೊಮ್ಮಿ ಬದಲಿ ಮಾಡ್ರಿ. ಸಿಲಿಕೋನ್ ಬೇಕ ಬೇಕಂದ್ರ ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ಎಲ್ಲಾ ಒಣಾ, ಹೊಸಾದು ಇರಬೇಕು. ಎರಡನ್ನೂ ಕಲಸೂದಂತೂ ಬ್ಯಾಡ.

ವ್ಯಾಕ್ಯೂಮ್_ಭಟ್ಟ (ಕ್ಯಾಲಿಫೋರ್ನಿಯಾ)

ಹೆಡ್‌ಲೈಟ್ ಬಗ್ಗೆ. ಇದರಲ್ಲಿ ಮೋಟಾರ್ ಇಲ್ಲ, ಎಂಜಿನ್ನಿನ ನಿರ್ವಾತವೇ ಬಾಗಿಲು ಎತ್ತೋದು. ಮ್ಯಾನಿಫೋಲ್ಡ್‌ನಿಂದ ಚೆಕ್ ವಾಲ್ವ್, ಅಲ್ಲಿಂದ ಸಂಗ್ರಹ ಟ್ಯಾಂಕ್, ಅಲ್ಲಿಂದ ಎರಡು ರಿಲೇ, ರಿಲೇಯಿಂದ ಎರಡು ಆಕ್ಚುಯೇಟರ್ (ಬಾಗಿಲನ್ನು ಎಳೆಯೋ ಡಬ್ಬಿ). ತೆಳ್ಳನೆ ಹೋಸುಗಳು ಡ್ಯಾಶ್‌ಬೋರ್ಡ್ ಸ್ವಿಚ್ಚಿನಿಂದ ರಿಲೇಗೆ ಅಪ್ಪಣೆ ಮಾತ್ರ ಒಯ್ಯುತ್ತವೆ. ದಪ್ಪನೆಯವು ಕೆಲಸ ಮಾಡುತ್ತವೆ.

ಬಲಗಡೆ ಸರಿಯಾಗಿ ಏಳ್ತಿದೆ ಅಂದ್ರೆ ಸ್ವಿಚ್, ಟ್ಯಾಂಕ್, ಚೆಕ್ ವಾಲ್ವ್ ಮೇಲೆ ಅನುಮಾನ ಕಮ್ಮಿ. ರೋಗ ಎಡಗಡೆ ರಿಲೇ, ಆಕ್ಚುಯೇಟರ್ ಅಥವಾ ಬಾಗಿಲ ಕೀಲಲ್ಲಿ. ಎಂಜಿನ್ ಆರಿಸಿ ಬಾಗಿಲನ್ನು ಕೈಯಲ್ಲಿ ಎತ್ತಿ ನೋಡಿ, ಬಿಗಿಯಾಗಿ ಕಚ್ಚಿದರೆ ಬುಶ್ ಒಣಗಿದೆ. ಸಲೀಸಾಗಿ ಎದ್ದರೆ ಕೈ ಪಂಪನ್ನು ಆಕ್ಚುಯೇಟರಿನ ಒಂದೊಂದು ಕೊಳವೆಗೂ ಹಚ್ಚಿ 15 ಇಂಚು ಪಾದರಸದಷ್ಟು ಎಳೆದು ಒಂದು ನಿಮಿಷ ಬಿಡಿ. ಒಂದು ಕಡೆ ನಿಂತು ಇನ್ನೊಂದು ಕಡೆ ಮುಳ್ಳು ಇಳಿದರೆ, ಸಾಮಾನ್ಯವಾಗಿ ರಾಡ್ ಹೊರಬರೋ ಜಾಗದ ಸೀಲು ಹೋಗಿರುತ್ತೆ. ಎರಡೂ ಕಡೆ ಇಳಿದರೆ ಒಳಗಿನ ಪರದೆ ಹರಿದಿದೆ. ಆಕ್ಚುಯೇಟರ್ ಪಾಸಾದರೆ ಎಡ-ಬಲ ರಿಲೇಗಳನ್ನು ಅದಲು-ಬದಲು ಮಾಡಿ. ದೂರು ಬಲಕ್ಕೆ ಹಾರಿದರೆ ಕಳ್ಳ ಸಿಕ್ಕಿದ.

ಹೋಸುಗಳ ಮೇಲೆ ಕೆಂಪು, ಹಸಿರು ಗೆರೆ ಇರುತ್ತೆ. ಬಿಚ್ಚೋ ಮುಂಚೆ ಫೋಟೋ ತೆಗೀರಿ, ಉಲ್ಟಾ ಹಾಕಿದರೆ ಲೈಟ್ ಆರಿಸಿದಾಗ ಕಣ್ಣು ಬಿಡುತ್ತೆ! ಇಲ್ಲಿನ ಸೋರಿಕೆ ಎಂಜಿನ್ನಿಗೂ ಗಾಳಿ ಸೇರಿಸುತ್ತೆ, ಐಡಲ್ ಕುಂಟುತ್ತೆ. ಕಾರ್ಬುರೇಟರ್‌ಗೆ ಕೈ ಹಾಕೋ ಮುಂಚೆ ಇದನ್ನು ಮುಗಿಸಿ.

ಕ್ವಾಡ್ರಾಜೆಟ್_ಕಮಲ (ಮಿನೆಸೋಟ)

220 ಡಿಗ್ರಿ ವಿಷಯ. ಮೀಟರನ್ನು ನಂಬಬೇಡಿ, ಬದಲಿ ಸೆಂಡರ್‌ಗಳು (ಮೀಟರಿಗೆ ಶಾಖ ತಿಳಿಸೋ ಸಾಮಾನು) ಸುಳ್ಳು ಹೇಳೋದು ಮಾಮೂಲು. ಇನ್ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಗೂಡಿಗೆ ಹಿಡಿದು ಹೋಲಿಸಿ. ನಿಜವಾಗಿ 220 ಇದ್ದರೂ, 15 ಪಿಎಸ್‌ಐ ಮುಚ್ಚಳ ಸರಿಯಿದ್ದು, ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಕುದಿಯೋದು 260ರ ಮೇಲೆ. ಗಾಬರಿ ಬೇಡ, ಕಾರಣ ಹುಡುಕಿ.

ನಿಂತಾಗ ಮಾತ್ರ ಏರಿ ಓಡಿಸಿದಾಗ ಇಳಿಯುತ್ತಾ? ಹಾಗಿದ್ದರೆ ಫ್ಯಾನ್ ಕ್ಲಚ್, ಶ್ರೌಡ್ (ಫ್ಯಾನ್ ಸುತ್ತಲಿನ ಕವಚ), ಇಲ್ಲವೇ ಟೈಮಿಂಗ್ (ಕಿಡಿ ಹಾರೋ ಹೊತ್ತು). ಹೆದ್ದಾರಿಯಲ್ಲೂ ಏರುತ್ತೆ ಅಂದ್ರೆ ರೇಡಿಯೇಟರ್ ಕಟ್ಟಿದೆ ಅಥವಾ ಗಾಳಿಗೆ ದಾರಿಯಿಲ್ಲ. ಈ ಗಾಡಿ ಬಹುಪಾಲು ಗಾಳಿಯನ್ನು ಮೂತಿ ಕೆಳಗಿನಿಂದ ಎಳ್ಕೊಳ್ಳುತ್ತೆ. ಕೆಳಗಿನ ಏರ್ ಡ್ಯಾಮ್, ರೇಡಿಯೇಟರ್ ಸುತ್ತಲಿನ ರಬ್ಬರ್-ಸ್ಪಾಂಜ್ ಪಟ್ಟಿಗಳು ಹೋಗಿದ್ದರೆ ಗಾಳಿ ಪಕ್ಕದಿಂದ ನುಸುಳಿ ಹೋಗುತ್ತೆ. ದೊಡ್ಡ ಅಲ್ಯೂಮಿನಿಯಂ ರೇಡಿಯೇಟರಿಗೆ ದುಡ್ಡು ಸುರಿಯೋ ಮುಂಚೆ ಆ ಪಟ್ಟಿಗಳನ್ನು ಹಾಕಿ.

ಟೈಮಿಂಗ್ ನಿಧಾನವಾದರೆ ಉರಿ ಎಕ್ಸಾಸ್ಟ್‌ವರೆಗೂ ಮುಂದುವರಿದು ಹೆಡ್ಡು ಕಾಯುತ್ತೆ. 1973ರ ಹೊಗೆ ನಿಯಂತ್ರಣ ವ್ಯವಸ್ಥೆ ಕೆಳಗಿನ ಗೇರುಗಳಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ (ನಿರ್ವಾತದಿಂದ ಕಿಡಿಯನ್ನು ಬೇಗ ಹಾರಿಸೋದು) ಕಡಿದು ಹಾಕುತ್ತೆ. ಅದರ ವಾಲ್ವ್ ಕೆಟ್ಟಿದ್ದರೆ ಅಡ್ವಾನ್ಸ್ ಯಾವ ಗೇರಿನಲ್ಲೂ ಸಿಗಲ್ಲ. ಪಾಯಿಂಟ್ಸ್ ಡ್ವೆಲ್ (ಪಾಯಿಂಟ್ಸ್ ಮುಚ್ಚಿರೋ ಕೋನ) 30 ಡಿಗ್ರಿಗೆ ಇಟ್ಟು ಆಮೇಲೇ ಟೈಮಿಂಗ್ ನೋಡಿ. ಡ್ವೆಲ್ ಬದಲಾದರೆ ಟೈಮಿಂಗೂ ಸರಿಯುತ್ತೆ, ಟೈಮಿಂಗ್ ಬದಲಾದರೆ ಡ್ವೆಲ್ ಸರಿಯಲ್ಲ. ವ್ಯಾಕ್ಯೂಮ್ ಹೋಸ್ ತೆಗೆದು ಮುಚ್ಚಿ, 3000 ಆರ್‌ಪಿಎಂ ಹತ್ತಿರ ಒಟ್ಟು 34ರಿಂದ 36 ಡಿಗ್ರಿ ಬರಬೇಕು. ಫೈರಿಂಗ್ ಆರ್ಡರ್ 1-8-4-3-6-5-7-2, ಪ್ರದಕ್ಷಿಣೆ ದಿಕ್ಕು. 5 ಮತ್ತು 7ರ ವೈರುಗಳು ಉದ್ದಕ್ಕೂ ಅಂಟಿಕೊಂಡು ಹೋಗದಂತೆ ಬೇರ್ಪಡಿಸಿ.

ಎಣ್ಣೆ ಫಿಲ್ಟರ್ ಸೇರಿ 5 ಕ್ವಾರ್ಟ್, ಸತು ಇರೋದೇ ಹಾಕಿ. ಇದರ ಕ್ಯಾಂಶಾಫ್ಟ್ ಮೇಲೆ ಟ್ಯಾಪೆಟ್ ಉಜ್ಜಿಕೊಂಡೇ ಓಡೋದು. ಹೊಸ ಕಾರಿನ ಎಣ್ಣೆಯಲ್ಲಿ ಅದಕ್ಕೆ ಸಾಲುವಷ್ಟು ಸತು ಇರಲ್ಲ.

ರೆಸಿನ್_ರಂಗ (ಇಂಡಿಯಾನ)

ಬಿರುಕಿಗೆ ಬರ್ತೀನಿ. ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದಿದ್ರೆ ಒಂದೇ ಬೇಸಿಗೆಯಲ್ಲಿ ಬಾಯಿ ಬಿಡ್ತಿತ್ತು.

1973ರ ಹೊತ್ತಿಗೆ ಕಾರ್ವೆಟ್ ಪ್ಯಾನೆಲ್‌ಗಳು ಎಸ್‌ಎಂಸಿಗೆ ತಿರುಗಿದವು, ಅಂದ್ರೆ ಅಚ್ಚಿನಲ್ಲಿ ಬಿಸಿ ಒತ್ತಡ ಕೊಟ್ಟು ಮಾಡಿದ ಹಾಳೆ. ಅಂಗಡಿಯಲ್ಲಿ ಸಿಗೋ ಅಗ್ಗದ ಪಾಲಿಯೆಸ್ಟರ್ ರೆಸಿನ್ ಅದಕ್ಕೆ ಗಟ್ಟಿಯಾಗಿ ಹಿಡಿಯಲ್ಲ. ಎಪಾಕ್ಸಿ ಬಳಸಿ. ಎಪಾಕ್ಸಿಗೆ ನೇಯ್ದ ಗ್ಲಾಸ್ ಬಟ್ಟೆ ಬೇಕು. ಚೂರು ನಾರಿನ ಮ್ಯಾಟ್‌ನಲ್ಲಿರೋ ಅಂಟು ಪಾಲಿಯೆಸ್ಟರ್‌ನ ಸ್ಟೈರೀನ್‌ನಲ್ಲಿ ಕರಗುತ್ತೆ, ಎಪಾಕ್ಸಿಯಲ್ಲಿ ಕರಗಲ್ಲ.

ಮೊದಲು ಮೇಣ-ಜಿಡ್ಡು ತೊಳೀರಿ, ಆಮೇಲೆ ಉಜ್ಜಿ. ಉಲ್ಟಾ ಮಾಡಿದರೆ ಜಿಡ್ಡನ್ನು ನಾರಿನೊಳಗೆ ತುರುಕಿದ ಹಾಗೆ. ಬಿರುಕಿನ ತುದಿ ಹುಡುಕಿ 3 ಮಿಲಿಮೀಟರ್ ತೂತು ಹಾಕಿ, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತೆ. ಹಿಂಬದಿಯಲ್ಲಿ ಬಿರುಕಿನ ಎರಡೂ ಕಡೆ ಎರಡೆರಡು ಇಂಚು 36 ನಂಬರ್ ಕಾಗದದಲ್ಲಿ ನಾರು ಕಾಣೋವರೆಗೆ ಉಜ್ಜಿ, ಮೂರು ಪದರ ಬಟ್ಟೆ ಹಾಕಿ. ಗಟ್ಟಿಯಾದ ಮೇಲೆ ಮುಂದಿನಿಂದ ಅಗಲವಾಗಿ, ಇಳಿಜಾರಾಗಿ ಕೊರೆದು, ಸಣ್ಣ ತುಂಡು ಕೆಳಗೆ ದೊಡ್ಡದು ಮೇಲೆ ಬರೋ ಹಾಗೆ ಪದರ ಕಟ್ಟಿ. ಎನ್-95 ಮುಖವಾಡ, ಉದ್ದ ತೋಳಿನ ಅಂಗಿ ಇಲ್ಲದೆ ಉಜ್ಜಬೇಡಿ.

ಹಳೇ ಬಣ್ಣ ತೆಗೆಯೋಕೆ ಮಾಮೂಲಿ ಸ್ಟ್ರಿಪ್ಪರ್ ಬೇಡ, ರೆಸಿನ್ ಮೆತ್ತಗಾಗುತ್ತೆ. ಮರಳು ಹೊಡೆಯೋದೂ ಬೇಡ. ಗಟ್ಟಿ ಬ್ಲೇಡಿನ ಮೂಲೆಗಳನ್ನು ದುಂಡಗೆ ಮಾಡ್ಕೊಂಡು ಹೆರೆದು, ಆಮೇಲೆ 180ರ ಕಾಗದ. ಯುರೆಥೇನ್ ಮೂತಿಗೆ ಹೊಡೆಯೋ ಬಣ್ಣಕ್ಕೆ ಬಾಗೋ ಗುಣದ ರಾಸಾಯನಿಕ ಸೇರಿಸಬೇಕು. ಇಲ್ಲದಿದ್ದರೆ ಮೂತಿ ಬಾಗಿದಾಗ ಬಣ್ಣ ಬಿರಿಯುತ್ತೆ.

ಕೆಂಗೇರಿ_ಕ್ಯಾಂಶಾಫ್ಟ್

ಮುಂದೆ ಎಂಜಿನ್ ಬಿಚ್ಚಿದರೆ ಒಂದು ಮಾತು. ಬಲ ಹೆಡ್ಡಿನ ಮುಂದೆ ಬ್ಲಾಕ್ ಮೇಲೆ ಒಂದು ಸಣ್ಣ ಚಪ್ಪಟೆ ಜಾಗದಲ್ಲಿ ಎಂಜಿನ್ ಕೋಡ್, ಗಾಡಿ ಸಂಖ್ಯೆಯ ಕೊನೆಯ ಅಂಕಿಗಳು ಒತ್ತಿರುತ್ತವೆ. ಬ್ಲಾಕಿನ ಮುಖ ಹೆರೆಯೋಕೆ ಕೊಟ್ಟರೆ ಅದೂ ಅಳಿಸಿ ಹೋಗುತ್ತೆ. ಮೂಲ ಎಂಜಿನ್ ಅಂತ ತೋರಿಸೋಕೆ ಅದೇ ಗುರುತು. ವರ್ಕ್‌ಶಾಪಿಗೆ ಬರೆದೇ ಕೊಡಿ. ಗಾಡಿ ಸಂಖ್ಯೆಯ ಐದನೇ ಜಾಗದಲ್ಲಿ "ಜೆ" ಇದ್ದರೆ ಅದು ಎಲ್-48 ಎಂಜಿನ್ ಹಾಕಿಯೇ ಕಾರ್ಖಾನೆಯಿಂದ ಬಂದದ್ದು.

ಸ್ಟಿಂಗ್‌ರೇ_73

"ಜೆ" ಇದೆ. ಕಿಕ್ ಪ್ಯಾನೆಲ್ ಹಿಂದೆ ಎರಡೂ ಕಡೆ ಒಣಗಿದ ಪುಡಿ ಮಾತ್ರ, ಸ್ಕ್ರೂಡ್ರೈವರ್ ಇಳಿಯಲಿಲ್ಲ. ಎಡಗಡೆ ಬೇರಿಂಗ್ 17 ಥೌ. ಬಲ 6. ಎರಡೂ ಆರ್ಮ್ ಕೆಳಗಿಳಿಸಿದ್ದೀನಿ. ವಾಪಸ್ ಏರಿಸುವಾಗ ಶಿಮ್ ಹಳೇ ಲೆಕ್ಕದಂತೆಯೇ ಹಾಕಿದರೆ ಸಾಕಾ? ಬೋಲ್ಟ್ ಪೂರ್ತಿ ಬಿಗಿಯೋದು ಯಾವಾಗ?

ತುಮಕೂರು_ಟಾರ್ಕ್

ಹಳೇ ಲೆಕ್ಕ ಅಲೈನ್‌ಮೆಂಟ್ ಅಂಗಡಿ ಮುಟ್ಟೋಕೆ ಸಾಕು, ಓಡಾಡೋಕೆ ಸಾಲದು. ಹೊಸ ಬುಶ್ ಹಾಕಿದ ಮೇಲೆ ಅಳತೆ ಬದಲಾಗಿರುತ್ತೆ.

ಬೋಲ್ಟಿಗೆ ಆಂಟಿ-ಸೀಜ್ ಬಳಿದು, ನಟ್ಟು ಕೈಬಿಗಿ ಮಾಡಿ ಬಿಡಿ. ಚಕ್ರ ಹಾಕಿ ಗಾಡಿ ನೆಲಕ್ಕಿಳಿಸಿ, ಹಿಂಭಾಗ ನಾಲ್ಕಾರು ಸಲ ಕುಲುಕಿ, ಭಾರ ಚಕ್ರದ ಮೇಲಿರುವಾಗಲೇ ಪೂರ್ತಿ ಬಿಗೀರಿ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಬುಶ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಇಳಿಸಿದಾಗ ತಿರುಚಿ, ಬೇಗ ಹರಿಯುತ್ತೆ. ಸ್ಟ್ರಟ್ ರಾಡ್ ಬೋಲ್ಟಿಗೂ ಇದೇ ಲೆಕ್ಕ.

ಶಿಮ್ ಒಳಬದಿಯಿಂದ ತೆಗೆದು ಹೊರಬದಿಗೆ ಹಾಕಿದರೆ ಆರ್ಮ್‌ನ ಮುಂತುದಿ ಒಳಗೆ ಸರಿದು ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗಿರೋದು) ಹೆಚ್ಚುತ್ತೆ. ಹಿಂದೆ ಒಟ್ಟು 1/16 ಇಂಚು ಟೋ-ಇನ್ ಇರಲಿ. ಟೋ-ಔಟ್ ಆದರೆ ಲೇನ್ ಬದಲಿಸುವಾಗ ಹಿಂಭಾಗ ತಾನೇ ತಿರುಗೋಕೆ ಹೊರಡುತ್ತೆ. ಮೊದಲು ಹಿಂದಿನ ಕ್ಯಾಂಬರ್ (ಟೈರಿನ ತಲೆಯ ವಾಲು), ಆಮೇಲೆ ಹಿಂದಿನ ಟೋ, ಮುಂದಿನ ಚಕ್ರ ಕೊನೆಗೆ. ಅಂಗಡಿಗೆ ಫೋನ್ ಮಾಡಿದಾಗ "ಹಿಂದಿನ ಶಿಮ್ ಹಾಕ್ತೀರಾ?" ಅಂತ ಕೇಳಿಯೇ ಗಾಡಿ ಒಯ್ಯಿರಿ, ಬೇರೆ ಬೇರೆ ದಪ್ಪದ ಶಿಮ್ ಒಂದು ಸೆಟ್ ನಿಮ್ಮ ಕೈಯಲ್ಲೇ ಇರಲಿ. ಬಲಗಡೆ 6 ಬಂದಿದೆ, ಆರ್ಮ್ ಕೆಳಗೇ ಇದೆ. ಅದನ್ನೂ ಬಿಚ್ಚಿ ಗ್ರೀಸ್ ತುಂಬಿಬಿಡಿ.